ಮನಿಯೊಳಗಿನ ಮನಿ ಪ್ಲಾಂಟು

ಬ್ಯಾಡಗಿಗೆ ಮಗಳನ್ನು ಕೊಟ್ಟವರು ಮೆಣಸಿನಕಾಯಿ ಸುಗ್ಗಿ ಬಂತೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ರಾಣೆಬೆನ್ನೂರಿನಲ್ಲಿ ರೈಲು ಹತ್ತಿ ದೇವರಗುಡ್ಡ ದಾಟಿದ ಮೇಲೆ ಮೂಗೇ ಹೇಳುತ್ತದೆ. ಸಂಕ್ರಾಂತಿಯ ಆಸುಪಾಸಿನಿಂದ ಬಿಸಿಲು ಏರುವವರೆಗೆ ಅಲ್ಲಿಯ ಮಾರುಕಟ್ಟೆಗೆ ಲಾರಿಗಟ್ಟಲೆ ಕಾಯಿ ಬಂದು ಬೀಳುತ್ತದೆ. ಸೋಮವಾರ, ಗುರುವಾರ ವ್ಯಾಪಾರದ ದಿನ. ಕಡ್ಡಿ, ಡಬ್ಬಿ ಎಂದು ಎರಡು ಜಾತಿ. ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಬಣ್ಣ ಮಾತ್ರ ಗಾಢ ಕೆಂಪು. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೆಸರು ಜಗತ್ತಿಗೆಲ್ಲ ಹೋಯಿತು, ಘಾಟು ಮಾತ್ರ ಊರಲ್ಲೇ ಉಳಿಯಿತು!

ಘಾಟು ಎಂದರೆ ನಮ್ಮ ಅಡುಗೆಮನೆಯ ಒಗ್ಗರಣೆಯದಲ್ಲ. ಚೀಲ ಸುರಿಯುವಾಗ, ರಾಶಿ ಮಗುಚುವಾಗ, ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸುವಾಗ ಏಳುವ ಕೆಂಪು ಧೂಳು ಅದು. ಅಂಗಿಯ ಮಡಿಕೆಯಲ್ಲಿ, ಸೈಕಲ್ಲಿನ ಸೀಟಿನ ಮೇಲೆ, ಕಿಟಕಿಯ ಸರಳಿನ ಮೇಲೆ ಹೋಗಿ ಕೂರುತ್ತದೆ. ನಮ್ಮ ಅಳಿಯಂದಿರು ಅಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸುಗ್ಗಿಯಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರೆ ಅವರಿಗಿಂತ ಮೊದಲು ಅವರ ಅಂಗಿ ಬಂದದ್ದು ಗೊತ್ತಾಗುತ್ತದೆ. ಊರಿನವರಿಗೆ ಇದೆಲ್ಲ ರೂಢಿ. ನಾಲ್ಕು ಸೀನು ಸೀನಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಮೊಮ್ಮಗಳಿಗೆ ಮಾತ್ರ ರೂಢಿಯಾಗಲಿಲ್ಲ. ಆಗ ಅವಳು ನಾಲ್ಕನೆಯ ಇಯತ್ತೆ. ಕಳೆದ ವರ್ಷದ ಜನವರಿಯಲ್ಲಿ ಮಗಳು ಫೋನು ಮಾಡಿ, “ಅವ್ವಾ, ಇವ್ಳು ರಾತ್ರಿಯೆಲ್ಲ ಎದ್ದು ಕುಂದರತಾಳ. ಎದಿಯೊಳಗ ಪೀಪಿ ಊದಿದಂಗ ಸಪ್ಪಳ ಆಗತೈತಿ” ಎಂದಳು. ನಾನು ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಮರುದಿನವೇ ಹೊರಟೆ.

ಹೋಗಿ ನೋಡಿದರೆ ಹುಡುಗಿ ಮಲಗುವ ಕೋಣೆ ತೋಟವಾಗಿದೆ! ಎಂಟು ಕುಂಡ. ಕಿಟಕಿಯ ಕಟ್ಟೆಯ ಮೇಲೆ ಮೂರು, ಪುಸ್ತಕದ ಕಪಾಟಿನ ಮೇಲೆ ಎರಡು, ಮಂಚದ ಕಾಲಿನ ಬಳಿ ಮೂರು. ನರ್ಸರಿಯವರೊಬ್ಬರು, “ಇವು ಗಾಳಿ ಸ್ವಚ್ಛ ಮಾಡ್ತಾವ್ರಿ, ಅಮೆರಿಕದ ನಾಸಾದವ್ರೇ ಹೇಳ್ಯಾರ” ಎಂದು ಹೇಳಿ ಕೊಟ್ಟಿದ್ದರಂತೆ. ಮಗಳ ದಮ್ಮಿಗೆ ಏನಾದರೂ ಮಾಡಬೇಕು ಎನ್ನುವ ತಂದೆಗೆ ಅಷ್ಟು ಮಾತು ಸಾಕಾಯಿತು. ಮಣ್ಣು ತೊಯ್ದು ತೊಪ್ಪೆಯಾಗಿತ್ತು. ಎಲೆಗಳ ಮೇಲೆ ಕುಂಕುಮ ಉದುರಿಸಿದಂತೆ ಕೆಂಪು ಪುಡಿ. ಹಾವೇರಿಯ ಮಕ್ಕಳ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಮಾತ್ರ ಬೀರುವಿನಲ್ಲಿ, ಡಬ್ಬಿ ಒಡೆಯದೆ, ಭದ್ರವಾಗಿತ್ತು.

“ಅದು ಚಟ ಆಗತೈತಂತ್ರಿ ಅತ್ತಿಯವರ. ಸಣ್ಣ ಹುಡುಗಿ. ಒಮ್ಮೆ ಸುರು ಮಾಡಿದ್ರ ಜಲ್ಮಪೂರ್ತಿ ಬಿಡಾಕ ಬರೂದಿಲ್ಲಂತ ಎಲ್ಲಾರೂ ಅಂತಾರ” ಎಂದರು ಅಳಿಯಂದಿರು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಅಳಿಯನಿಗೆ ಪಾಠ ಹೇಳುವುದು ಹೈಸ್ಕೂಲು ಹುಡುಗರಿಗೆ ಹೇಳಿದಷ್ಟು ಸುಲಭವಲ್ಲ. ಅವರ ಕಣ್ಣಿನಲ್ಲಿ ನಿದ್ದೆಗೆಟ್ಟ ಕೆಂಪು ಕಾಣುತ್ತಿತ್ತು. “ನಾಳೆ ಎಲ್ಲಾರೂ ಕೂಡಿ ಹಾವೇರಿಗೆ ಹೋಗೋಣ್ರಿ. ನೀವ ಡಾಕ್ಟರನ್ನ ಬಾಯಿ ಬಿಟ್ಟು ಕೇಳ್ರಿ” ಎಂದಷ್ಟೇ ಅಂದೆ.

ಅವರು ಕೇಳಿದರು. ವೈದ್ಯರು ನಗಲಿಲ್ಲ, ಗದರಲೂ ಇಲ್ಲ. “ಕನ್ನಡಕ ಹಾಕಿಕೊಂಡರೆ ಕಣ್ಣಿಗೆ ಚಟ ಹಿಡಿಯುತ್ತದೆಯೇ?” ಎಂದು ಕೇಳಿ, ಕಾಗದದ ಮೇಲೆ ಶ್ವಾಸನಾಳದ ಚಿತ್ರ ಬರೆದು ತೋರಿಸಿದರು. ಒಳಗೋಡೆ ಊದಿಕೊಂಡಾಗ ದಾರಿ ಇಕ್ಕಟ್ಟಾಗುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗ ಆಗುವ ಸದ್ದೇ ಪೀಪಿ. ದಿನವೂ ತೆಗೆದುಕೊಳ್ಳಬೇಕಾದ ಇನ್‌ಹೇಲರಿನಲ್ಲಿ ಇರುವುದು ಊತ ಇಳಿಸುವ ಔಷಧ, ಅದೂ ತೀರ ಸಣ್ಣ ಪ್ರಮಾಣ, ನೇರವಾಗಿ ಶ್ವಾಸನಾಳಕ್ಕೆ ಹೋಗುವಂಥದ್ದು. ಕೆಮ್ಮು ಇಲ್ಲದ ದಿನವೂ ಅದನ್ನು ಬಿಡುವಂತಿಲ್ಲ. ಮಕ್ಕಳು ಸ್ಪೇಸರ್ ಎಂಬ ಪ್ಲಾಸ್ಟಿಕ್ಕಿನ ಕೊಳವೆ ಇಟ್ಟುಕೊಂಡೇ ಎಳೆಯಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ಇಷ್ಟು ಹೇಳಿ ಮನೆಯ ವಿಚಾರಕ್ಕೆ ಬಂದರು. ಅಪ್ಪ ಹೊರಗಡೆಯೇ ಅಂಗಿ ಬದಲಿಸಿ ಕೈಕಾಲು ತೊಳೆದು ಒಳಗೆ ಬರಲಿ. ಕಸಬರಿಗೆಯಿಂದ ಧೂಳೆಬ್ಬಿಸುವ ಬದಲು ಹಸಿ ಬಟ್ಟೆಯಿಂದ ನೆಲ ಒರೆಸಲಿ. ಮಾರುಕಟ್ಟೆಯ ದಿನ ಆ ಕಡೆಯ ಕಿಟಕಿ ಮುಚ್ಚಿರಲಿ. ಕುಂಡಗಳ ಸುದ್ದಿ ಬಂದಾಗ, “ಹಸಿ ಮಣ್ಣಿನಲ್ಲಿ ಬೂಷ್ಟು ಬೆಳೆಯುತ್ತದೆ. ಕೆಲವು ಮಕ್ಕಳಿಗೆ ಅದೂ ಆಗಿಬರುವುದಿಲ್ಲ. ಮಲಗುವ ಕೋಣೆಯಿಂದ ಹೊರಗಿಡಿ” ಎಂದರು.

ಅಂದೇ ರಾತ್ರಿ ಡಬ್ಬಿ ಒಡೆಯಿತು.

ಮಗು ಆದರೆ ಸುಮ್ಮನಾಗಲಿಲ್ಲ. ಕುಂಡಗಳನ್ನು ಪಡಸಾಲೆಗೆ ಸಾಗಿಸುವಾಗ ಮಂಚದ ಮೇಲೆ ಮೋರೆ ಊದಿಸಿಕೊಂಡು ಕುಳಿತಿದ್ದಳು. “ಅಪ್ಪ ಹೇಳಿದ್ದಾ, ಇವು ನನ್ನ ಕೆಮ್ಮು ತಿಂತಾವಂತ. ನಾ ದಿನಾ ನೀರು ಹಾಕೀನಿ. ಮತ್ಯಾಕ ಇವು ತಿನ್ನಲಿಲ್ಲ? ನಾ ಏನು ಮಾಡ್ದೆ ಅಜ್ಜಿ?”

ಈ ಪ್ರಶ್ನೆಗೆ ಉತ್ತರ ಕೊಡದೆ ಇರುವ ಹಾಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ತನ್ನ ದಮ್ಮಿಗೂ ತನ್ನ ನೀರುಣಿಸುವಿಕೆಗೂ ಗಂಟು ಹಾಕಿಕೊಂಡು ಕುಳಿತಿದ್ದಳು. ಆದ್ದರಿಂದ ನಾಸಾದ ಕಥೆಯನ್ನು ಪೂರ್ತಿ ಹೇಳಿದೆ. ಮಕ್ಕಳೇ, ನಿಮಗೂ ಹೇಳುತ್ತೇನೆ, ಯಾಕೆಂದರೆ ಅರ್ಧ ಕಥೆ ಎಲ್ಲ ಕಡೆ ಓಡಾಡುತ್ತಿದೆ.

1989ರಲ್ಲಿ ವೊಲ್ವರ್ಟನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ನಾಸಾಕ್ಕಾಗಿ ಒಂದು ಪ್ರಯೋಗ ಮಾಡಿದ್ದು ನಿಜ. ಬಾಹ್ಯಾಕಾಶದಲ್ಲಿ ಮನುಷ್ಯರು ಇರಬೇಕಾದ ಗೂಡಿಗೆ ಕಿಟಕಿ ತೆರೆಯಲು ಬರುವುದಿಲ್ಲವಲ್ಲ, ಒಳಗಿನ ಗಾಳಿ ಚೊಕ್ಕಟವಾಗಿಡಲು ಗಿಡಗಳು ನೆರವಾಗುತ್ತವೆಯೇ ಎಂದು ನೋಡುವುದು ಅವರ ಉದ್ದೇಶ. ಗಟ್ಟಿಯಾಗಿ ಮುಚ್ಚಿದ ಪಾರದರ್ಶಕ ಪೆಟ್ಟಿಗೆಯಲ್ಲಿ ಗಿಡ ಇಟ್ಟು, ಬೆಂಜೀನು, ಫಾರ್ಮಾಲ್ಡಿಹೈಡು ಮುಂತಾದ ಅನಿಲ ಬಿಟ್ಟು ಅಳೆದರು. ಅನಿಲ ಕಡಿಮೆಯಾಯಿತು. ಅವರು ಬಳಸಿದ ಗಿಡಗಳಲ್ಲಿ ನಮ್ಮ ಮನಿ ಪ್ಲಾಂಟೂ ಇತ್ತು. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲು, ಕಿಟಕಿ, ಹಂಚಿನ ಸಂದಿ, ಎಲ್ಲದರಿಂದಲೂ ಗಾಳಿ ಬಂದು ಹೋಗುತ್ತಲೇ ಇರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಮನೆಯ ಸಂದುಗೊಂದಿನಿಂದ ತಾನಾಗಿ ಆಗುವ ಗಾಳಿಯಾಟಕ್ಕೆ ಗಿಡಗಳು ಸರಿಸಾಟಿ ಆಗಬೇಕಾದರೆ, ನೆಲದ ಒಂದೊಂದು ಚದರ ಮೀಟರಿಗೂ 10ರಿಂದ 1000 ಗಿಡ ಬೇಕಂತೆ.

ಪಾಟಿ ತಂದು ಅವಳ ಕೈಗೇ ಕೊಟ್ಟೆ. ಕೋಣೆ ಹತ್ತಡಿಗೆ ಹತ್ತಡಿ. ಮೀಟರಿಗೆ ಇಳಿಸಿದರೆ ಸುಮಾರು 9.3 ಚದರ ಮೀಟರು. ಹತ್ತರಿಂದ ಗುಣಿಸು. ತೊಂಬತ್ತಮೂರು ಕುಂಡ, ಅದೂ ಕಡಿಮೆ ಎಂದರೆ. ಸಾವಿರದಿಂದ ಗುಣಿಸಿದರೆ ಒಂಬತ್ತು ಸಾವಿರದ ಮುನ್ನೂರು.

ಹುಡುಗಿ ಪಾಟಿಯನ್ನೂ ಕೋಣೆಯನ್ನೂ ನೋಡಿದಳು. “ಮತ್ತ ನಾ ಎಲ್ಲಿ ಮಲಗ್ಲಿ?”

“ಅದಕ್ಕ ಹೇಳಿದ್ದು. ಅದೂ ಅನಿಲದ ಲೆಕ್ಕ. ಮೆಣಸಿನಕಾಯಿ ಧೂಳಂತೂ ಬ್ಯಾರೇನ. ನಿನ್ನ ಗಿಡದ್ದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ ಅವ್ವಿ.”

ಅಳಿಯಂದಿರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಏನೂ ಅನ್ನಲಿಲ್ಲ. ಮರುದಿನ ಐದು ಕುಂಡ ಓಣಿಯ ಮನೆಗಳಿಗೆ ಹೋದವು, ಎರಡು ಹಿತ್ತಲಿಗೆ. ಒಂದನ್ನು ಅವಳು ಕೊಡಲಿಲ್ಲ. ಅದು ಮನಿ ಪ್ಲಾಂಟು.

ಈ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆಗೆ ‘ಮನಿ’ ಎನ್ನುತ್ತೇವೆ. ನಮ್ಮ ಅತ್ತೆಯವರು ಇದ್ದಾಗ ಈ ಬಳ್ಳಿ ಮೊದಲ ಸಲ ನಮ್ಮ ಮನೆಗೆ ಬಂತು. ಹೊರಗೆ ನೆಡದೆ ಒಳಗೇ ಇಡುವ ಗಿಡ, ಆದ್ದರಿಂದ ‘ಮನಿ’ ಪ್ಲಾಂಟು ಎಂದೇ ಅವರು ಕೊನೆಯವರೆಗೂ ತಿಳಿದಿದ್ದರು. ರೊಕ್ಕಕ್ಕೂ ಇದಕ್ಕೂ ಸಂಬಂಧ ಹಚ್ಚುವುದಕ್ಕಿಂತ ಅತ್ತೆಯವರ ಅರ್ಥವೇ ನನಗೆ ಮೇಲೆನಿಸುತ್ತದೆ.

ಏಪ್ರಿಲ್‌ನಲ್ಲಿ ಸೂಟಿ ಬಿಟ್ಟಿತು. ಬ್ಯಾಡಗಿಯಲ್ಲಿ ಕಾಯಿ ಇನ್ನೂ ಬರುತ್ತಲೇ ಇತ್ತು. ಹುಡುಗಿಯನ್ನು ರಾಣೆಬೆನ್ನೂರಿಗೆ ಕರೆತಂದೆ. ಒಂದು ಕೈಯಲ್ಲಿ ಔಷಧದ ಚೀಲ, ತೊಡೆಯ ಮೇಲೆ ಕುಂಡ. ರೈಲಿನಲ್ಲಿ ಎಲ್ಲರೂ ಮಾತಾಡಿಸುವವರೇ.

ಇನ್ನು ಈ ಬಳ್ಳಿಯ ಊರು ಎಲ್ಲಿ ಅಂತೀರಿ? ಪೆಸಿಫಿಕ್ ಸಾಗರದ ನಡುವೆ, ತಾಹಿತಿಯ ಪಕ್ಕದಲ್ಲಿ ಮೊರೆಯಾ ಎಂಬ ಪುಟ್ಟ ನಡುಗಡ್ಡೆ. ಬೆಚ್ಚನೆಯ ಹವೆ, ಧಾರಾಳ ಮಳೆ. ದೊಡ್ಡ ಮರಗಳ ಕೆಳಗೆ ಹುಟ್ಟಿ, ಅವುಗಳ ಬೊಡ್ಡೆ ಹಿಡಿದು ಮೇಲೇರುವ ಬಳ್ಳಿ ಇದು. ಮರ ಏರಿದರೆ ಎಲೆಗಳು ಮೊರದಷ್ಟು ಅಗಲವಾಗಿ ಅಂಚು ಹರಿದುಕೊಳ್ಳುತ್ತವೆ. ನಮ್ಮ ಕಡೆಯೂ ತೆಂಗಿನ ಮರಕ್ಕೆ ಹಬ್ಬಿದ್ದನ್ನು ನೋಡಿ, ಇದು ಬೇರೆ ಗಿಡ ಎಂದು ವಾದಿಸುವವರಿದ್ದಾರೆ. ಅಲ್ಲ, ಅದೇ ಇದು. ಕುಂಡದಲ್ಲಿ ಜೋತುಬಿದ್ದರೆ ಚಿಕ್ಕ ಎಲೆ, ಹತ್ತಲು ಆಸರೆ ಸಿಕ್ಕರೆ ದೊಡ್ಡ ಎಲೆ. ಇಂಥ ಮಳೆನಾಡಿನ ಜೀವವನ್ನು ನಾವು ತಂದಿದ್ದು ಎಲ್ಲಿಗೆ? 1974ರಲ್ಲಿ ಕೃಷ್ಣಮೃಗಗಳಿಗೆಂದು ಅಭಯಾರಣ್ಯ ಮಾಡಿದ ಊರಿಗೆ! ಹುಲ್ಲುಗಾವಲು, ಕುರುಚಲು ಕಾಡು, ಬಯಲಲ್ಲಿ ಜಿಗಿಯುವ ಚಿಗರೆಗಳ ಊರು ನಮ್ಮದು. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿಗೆ ಹಪ್ಪಳ ಒಣಗುತ್ತದೆ, ಮನಿ ಪ್ಲಾಂಟು ಉಳಿಯುವುದಿಲ್ಲ.

ಹಾಗಾಗಿ ಮೊದಲ ಕೆಲಸ ಜಾಗ ಹುಡುಕುವುದು. ಮೊಮ್ಮಗಳು ಒಂದು ಇಡೀ ದಿನ ಗಂಟೆಗೊಮ್ಮೆ ಮನೆಯ ಯಾವ ಮೂಲೆಯಲ್ಲಿ ಎಷ್ಟು ಬೆಳಕು ಎಂದು ನೋಡಿ ಬರೆದಳು. ಒಂದು ಉಪಾಯ ಹೇಳಿಕೊಟ್ಟಿದ್ದೆ. ಬಿಳಿ ಹಾಳೆಯ ಮೇಲೆ ಕೈ ಹಿಡಿ. ನೆರಳಿನ ಅಂಚು ಚಾಕುವಿನಂತೆ ಚೂಪಾಗಿದ್ದರೆ ಬೆಳಕು ಜೋರು, ಎಲೆ ಸುಡುತ್ತದೆ. ನೆರಳು ಕಂಡರೂ ಅಂಚು ಮಸುಕಾಗಿದ್ದರೆ ಗಿಡಕ್ಕೆ ಹಿತ. ನೆರಳೇ ಕಾಣದಿದ್ದರೆ ಅಲ್ಲಿ ಗಿಡ ಬದುಕೀತು, ಬೆಳೆಯಲಾರದು. ಪಡಸಾಲೆಯ ಮೂಡಣ ಕಿಟಕಿಯಿಂದ ಎರಡು ಮೊಳ ಒಳಗೆ ಜಾಗ ಸಿಕ್ಕಿತು. ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ಸ್ವಲ್ಪ ಸರಿಸಿದೆವು.

ಆಮೇಲೆ ನೀರು. ಬ್ಯಾಡಗಿಯಲ್ಲಿ ದಿನವೂ ತಂಬಿಗೆ ತುಂಬ ಹಾಕಿ ರೂಢಿ ಅವಳಿಗೆ. ಕೆಳಗಿನ ಎರಡು ಎಲೆ ಹಳದಿಯಾಗಿದ್ದವು, ದೇಟು ಮೆತ್ತಗಾಗಿತ್ತು. ಗಿಡವನ್ನು ಮೆಲ್ಲಗೆ ಕುಂಡದಿಂದ ಬಿಡಿಸಿ ಬೇರು ತೋರಿಸಿದೆ. ಒಳ್ಳೆಯ ಬೇರು ಬಿಳಿ, ಗಟ್ಟಿ. ಕೊಳೆತದ್ದು ಕಂದು, ಬೆರಳಿಗೆ ಅಂಟುತ್ತದೆ, ವಾಸನೆ ಬೇರೆ. “ನೀರು ಕುಡದ್ರ ಕೊಳೀತೈತಾ?” ಎಂದು ಕೇಳಿದಳು. ಮಣ್ಣಿನ ಕಣಗಳ ನಡುವೆ ಸಣ್ಣ ಸಂದುಗಳಿರುತ್ತವೆ, ಅಲ್ಲಿ ಗಾಳಿ ಇರುತ್ತದೆ, ಬೇರು ಆ ಗಾಳಿಯನ್ನೇ ಉಸಿರಾಡುವುದು. ಸಂದಿಗೆಲ್ಲ ನೀರು ತುಂಬಿ ನಿಂತರೆ ಗಾಳಿಗೆ ಜಾಗವಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಬೇರಿಗೂ ದಮ್ಮು ಹತ್ತಿತ್ತು” ಎಂದಳು.

ಮೂವತ್ತೊಂದು ವರ್ಷದಲ್ಲಿ ನಾನು ಈ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ, ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಕೊಳೆತ ಬೇರು ಕತ್ತರಿಸಿ, ಕೆಂಪು ಮಣ್ಣಿಗೆ ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ, ತಳಕ್ಕೆ ತೂತಿರುವ ಮಣ್ಣಿನ ಕುಂಡದಲ್ಲಿ ನೆಟ್ಟೆವು. ಅಂದಿನಿಂದ ನಿಯಮ ಒಂದೇ. ತೋರುಬೆರಳನ್ನು ಎರಡನೆಯ ಗಿಣ್ಣಿನವರೆಗೆ ಮಣ್ಣಿಗೆ ಹಾಕು. ತೇವ ಇದ್ದರೆ ಇವತ್ತು ಬೇಡ. ಒಣಗಿದ್ದರೆ, ತಳದ ತೂತಿನಿಂದ ಹರಿದು ಬರುವಷ್ಟು ಹಾಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು. ಆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೇಕಾಯಿತು. ಮಳೆಗಾಲದಲ್ಲಿ ಎಂಟು ದಿನವಾದರೂ ಕೇಳುವುದಿಲ್ಲ. ನಮ್ಮ ಓಣಿಯ ಬೋರಿನ ನೀರು ಗಡುಸು, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ನಳದಲ್ಲಿ ಹೊಳೆ ನೀರು ಬಂದ ದಿನ ಒಂದು ಕೊಡ ಗಿಡಕ್ಕೆಂದೇ ತೆಗೆದಿಟ್ಟೆವು. ಮನೆಯಲ್ಲಿ ಶುದ್ಧ ನೀರಿನ ಯಂತ್ರ ಇರುವವರು ಅದರಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವುದುಂಟು. ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಕುಂಡದ ಗಿಡಕ್ಕೆ ಬೇಡ.

ಎಲೆ ಒರೆಸುವ ಕೆಲಸ ಅವಳಿಗೆ ಬಹಳ ಮೆಚ್ಚಿಗೆ. ಒಂದು ಅಂಗೈಯನ್ನು ಎಲೆಯ ಕೆಳಗಿಟ್ಟು, ಇನ್ನೊಂದು ಕೈಯಿಂದ ಹಳೆಯ ಮಲ್ ಬಟ್ಟೆಯನ್ನು ಒದ್ದೆ ಮಾಡಿ ದೇಟಿನಿಂದ ತುದಿಯ ಕಡೆಗೆ ಎಳೆಯಬೇಕು. ಧೂಳು ಕೂತರೆ ಎಲೆಗೆ ಬೆಳಕು ತಾಗುವುದಿಲ್ಲ, ಅಡುಗೆ ಮಾಡಿಕೊಳ್ಳುವುದು ನಿಧಾನವಾಗುತ್ತದೆ. ಹೊಳಪು ಬರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಎಣ್ಣೆಯ ಮೇಲೆ ಧೂಳು ಇನ್ನೂ ಗಟ್ಟಿ ಕೂರುತ್ತದೆ, ಅಷ್ಟೇ. ಕತ್ತರಿಸಿದಾಗ ಒಸರುವ ರಸ ಮಾತ್ರ ಕಣ್ಣಿಗೆ, ಬಾಯಿಗೆ ತಾಗಬಾರದು. ಇದು ಕೆಸುವಿನ, ಸುವರ್ಣಗಡ್ಡೆಯ ಕುಲದ್ದು. ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಕಚ್ಚಿದರೆ ನಾಲಿಗೆ, ಗಂಟಲು ಉರಿದು ಊದುತ್ತದೆ. ಬ್ಯಾಡಗಿಯಲ್ಲಿ ಇವಳ ಎರಡು ವರ್ಷದ ತಮ್ಮ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಶೂರ. ವಾಪಸು ಹೋದ ಮೇಲೆ ಕುಂಡ ಅವನಿಗೆ ಎಟುಕದ ಎತ್ತರಕ್ಕೇ ಹೋಗಬೇಕು ಎಂದು ಅಕ್ಕನೇ ತೀರ್ಮಾನ ಮಾಡಿದಳು.

ಮೇ ತಿಂಗಳ ಕೊನೆಗೆ ವೈದ್ಯರ ಹತ್ತಿರ ಮತ್ತೆ ಹೋಗಬೇಕಿತ್ತು. ಹಾವೇರಿಯಲ್ಲಿ ನನ್ನ ತವರು, ಮೂರು ದಿನ ಇದ್ದು ಬರುವ ಯೋಜನೆ. ಮನೆಯಲ್ಲಿ ಗಿಡಕ್ಕೆ ನೀರು ಯಾರು ಹಾಕುವವರು? ಹತ್ತಿಯ ಸೀರೆಯ ಅಂಚನ್ನು ಸೀಳಿ ಬತ್ತಿ ಹೊಸೆದೆವು. ಒಂದು ತುದಿ ಕುಂಡದ ಮಣ್ಣಿನೊಳಗೆ, ಇನ್ನೊಂದು ಪಕ್ಕದ ನೀರಿನ ಚರಿಗೆಯಲ್ಲಿ. ದೇವರ ಮುಂದಿನ ದೀಪದ ಬತ್ತಿ ಎಣ್ಣೆ ಮೇಲೆಳೆಯುವಂತೆ ಇದು ನೀರೆಳೆಯುತ್ತದೆ. ಸೊಳ್ಳೆ ಇಳಿಯದಂತೆ ಚರಿಗೆಯ ಬಾಯಿಗೆ ಬಟ್ಟೆ ಕಟ್ಟಿದೆವು. ಬಂದು ನೋಡಿದಾಗ ಚರಿಗೆಯಲ್ಲಿ ಅರ್ಧದಷ್ಟು ನೀರಿರಲಿಲ್ಲ. ಗಿಡ ಸುಖವಾಗಿತ್ತು.

ಹಾವೇರಿ ಎಂದರೆ ನಿಮಗೆ ಏಲಕ್ಕಿ ಹಾರ ನೆನಪಾಗುತ್ತದೆ. ನನಗೆ ನಮ್ಮ ವೈನಿ. ಎಪ್ಪತ್ತೆಂಟು ವರ್ಷ, ಮಾತು ಇನ್ನೂ ಹದಿನೆಂಟರದು. ಅವರ ಮನೆ ಹಳೆಯ ಮಣ್ಣಿನ ಗೋಡೆಯದು, ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬೆಳಕು ಇಳಿದರೆ ಅದೇ ಹೆಚ್ಚು. ಅಲ್ಲಿ ದೇವರ ಕೋಣೆಯ ಬದಿಗೆ ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ಒಂದು ಮನಿ ಪ್ಲಾಂಟು. ನಾಲ್ಕು ಎಲೆ, ರೂಪಾಯಿಯಷ್ಟಗಲ, ಹಳದಿ ಪಟ್ಟೆಯ ಸುಳಿವೇ ಇಲ್ಲ. ಬೆಳಕು ಸಾಲದಿದ್ದಾಗ ಗಿಡ ಅಂದಚಂದ ಬಿಟ್ಟು ಇದ್ದಬದ್ದ ಜಾಗವನ್ನೆಲ್ಲ ಹಸಿರಿಗೇ ಕೊಡುತ್ತದೆ. ನಾವು ಹೋದ ದಿನವೇ ಆಶಾ ಕಾರ್ಯಕರ್ತೆ ಡೆಂಗಿ ಸೊಳ್ಳೆಯ ಮರಿ ನೋಡಲು ಬಂದಿದ್ದರು. ಬ್ಯಾಟರಿ ಬಿಟ್ಟು ಬಾಟಲಿ ನೋಡಿದರು. ಹುಳು ಕುಣಿಯುತ್ತಿದ್ದವು! ವೈನಿಯ ಮೋರೆ ನೋಡಬೇಕಿತ್ತು. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಆದ್ದರಿಂದ ಬಾಟಲಿಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ಒಳಗೆ ಉಜ್ಜಿ ತೊಳೆದು ಹೊಸದು ತುಂಬಬೇಕು ಎಂದು ಹೇಳಿ ಅವರು ಮುಂದಿನ ಮನೆಗೆ ಹೋದರು.

ಮೊಮ್ಮಗಳು ತನ್ನ ಬಳ್ಳಿಯ ಎರಡು ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬರಿಯ ಎಲೆ ಕಿತ್ತು ನೀರಿಗಿಟ್ಟರೆ ಹೊಸ ಬಳ್ಳಿ ಆಗುವುದಿಲ್ಲ. ಎಲೆ ಹುಟ್ಟುವ ಗಿಣ್ಣು ಇರಲೇಬೇಕು, ಕಂದು ಮೊಳಕೆಯಂಥ ಬೇರು ಅಲ್ಲಿಂದಲೇ ಏಳುತ್ತದೆ. ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ. ಈ ಬಳ್ಳಿ ಹೂ ಬಿಡುವುದು ಅಪರೂಪದಲ್ಲಿ ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಇದರಲ್ಲಿ ಸರಿಯಾಗಿ ತಯಾರಾಗುವುದಿಲ್ಲ ಎಂದು 2016ರಲ್ಲಿ ಕಂಡುಕೊಂಡಿದ್ದಾರೆ. ಹೀಗಾಗಿ ಮನೆಮನೆಯಲ್ಲಿರುವುದು ಬೀಜದಿಂದ ಬಂದದ್ದಲ್ಲ, ತುಂಡಿನ ತುಂಡಿನ ತುಂಡು.

“ವೈನಿ ಅಜ್ಜಿ, ತಗೋರಿ” ಎಂದು ಹುಡುಗಿ ತುಂಡು ಚಾಚಿದಳು. ವೈನಿ ಕೈ ಹಿಂದೆ ಕಟ್ಟಿಕೊಂಡರು. “ಬ್ಯಾಡವ್ವಾ. ಕೊಟ್ಟಿದ್ದು ಹತ್ತೂದಿಲ್ಲ. ಕದ್ದು ತಂದ್ರನ ರೊಕ್ಕ ಬರತೈತಿ.” ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ತುಂಡುಗಳನ್ನು ಕಟ್ಟೆಯ ಮೇಲಿಟ್ಟು, ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಒಂದು, ಎರಡು ಎಣಿಸತೊಡಗಿದಳು. ಇಪ್ಪತ್ತು ಎಣಿಸಿ ತಿರುಗುವಷ್ಟರಲ್ಲಿ ಎಪ್ಪತ್ತೆಂಟರ ಕಳ್ಳಿ ಸೆರಗಿನಲ್ಲಿ ಮಾಲು ಮುಚ್ಚಿಕೊಂಡು ಅಡುಗೆಮನೆ ಸೇರಿದ್ದರು. ನಕ್ಕು ನಕ್ಕು ಹುಡುಗಿಗೆ ಕೆಮ್ಮು ಬಂತು. ನನ್ನ ಎದೆ ಒಮ್ಮೆ ಝಲ್ಲೆಂದಿತು. ಬರಿಯ ನಗೆಯ ಕೆಮ್ಮು, ಪೀಪಿ ಇರಲಿಲ್ಲ.

ವೈದ್ಯರು ಎದೆಗೆ ಕೊಳವೆ ಇಟ್ಟು ಮುಂದೆ, ಹಿಂದೆ ಆಲಿಸಿದರು. ಚೆನ್ನಾಗಿದೆ ಎಂದರು. ಅಳಿಯಂದಿರು ಬ್ಯಾಡಗಿಯಿಂದ ನೇರ ಅಲ್ಲಿಗೇ ಬಂದಿದ್ದರು. “ಹಂಗಾರ ಬಂದ್ ಮಾಡೋಣೇನ್ರಿ?” ಎಂದು ಕೇಳಿದರು. “ಇಲ್ಲ. ಆರಾಮಾಗಿರುವುದು ಔಷಧ ನಡೆದಿರುವುದಕ್ಕೇ. ಮುಂದಿನ ಸುಗ್ಗಿ ದಾಟಲಿ, ಆಗ ನಾನೇ ನೋಡಿ ಹೇಳುತ್ತೇನೆ. ನೀವಾಗಿ ನಿಲ್ಲಿಸಬೇಡಿ” ಎಂದರು. ಅಳಿಯಂದಿರು ಈ ಸಲ ಚಟದ ಮಾತೆತ್ತಲಿಲ್ಲ. ಹೊರಗೆ ಬಂದ ಮೇಲೆ ಮಗಳ ಕೈಯಿಂದ ಸ್ಪೇಸರ್ ಇಸಿದುಕೊಂಡು ಅದರ ಕವಾಟ ಹೇಗೆ ತೆರೆದು ಮುಚ್ಚುತ್ತದೆ ಎಂದು ತಿರುಗಿಸಿ ತಿರುಗಿಸಿ ನೋಡಿದರು.

ಶಾಲೆ ತೆರೆಯುವ ಹೊತ್ತಿಗೆ ಹುಡುಗಿಯೂ ಕುಂಡವೂ ಬ್ಯಾಡಗಿಗೆ ಹೋದವು. ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಫೋನು. “ಅಜ್ಜಿ, ಗಿಡ ಅಳಾಕತ್ತೈತಿ! ಎಲಿ ತುದಿಗೆ ಒಂದೊಂದು ಹನಿ ಐತಿ. ರಾತ್ರಿ ಯಾರೂ ನೀರು ಚಿಮಿಕಿಸಿಲ್ಲ.” ಅದು ಅಳುವಲ್ಲ ಎಂದೆ. ಹಗಲು ಎಲೆಯ ಸಣ್ಣ ರಂಧ್ರಗಳು ತೆರೆದಿದ್ದು ನೀರು ಆವಿಯಾಗಿ ಹೋಗುತ್ತದೆ. ರಾತ್ರಿ ಅವು ಮುಚ್ಚಿರುತ್ತವೆ. ಮಣ್ಣು ಹಸಿಯಾಗಿದ್ದರೆ ಬೇರು ಮಾತ್ರ ನೀರು ಮೇಲೆ ತಳ್ಳುತ್ತಲೇ ಇರುತ್ತದೆ. ಆ ನೀರು ಎಲೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. “ಹಂಗಾರ ನಾಳಿ ನೀರು ಬ್ಯಾಡ” ಎಂದು ಅವಳೇ ಲೆಕ್ಕ ಹಾಕಿ ಫೋನು ಇಟ್ಟಳು.

ಈಗ ಮತ್ತೆ ಸುಗ್ಗಿ. ಅಳಿಯಂದಿರ ಅಂಗಿ ಹಿತ್ತಲ ಬಾಗಿಲಿನ ಗೂಟದಲ್ಲೇ ಉಳಿಯುತ್ತದೆ, ಒಳಗೆ ಬರುವುದಿಲ್ಲ. ಹುಡುಗಿ ಒಂದು ನೋಟುಬುಕ್ಕಿನಲ್ಲಿ ಮೂರು ಅಂಕಣ ಮಾಡಿದ್ದಾಳೆ: ಔಷಧ, ಬೆರಳು, ಒರೆಸಿದ್ದು. ಔಷಧದ ಅಂಕಣದಲ್ಲಿ ದಿನಕ್ಕೆ ಎರಡು ಗುರುತು ತಪ್ಪದೆ ಇವೆ. ಬೆರಳು ಹಾಕಿ ನೋಡಿದ ದಿನಗಳು ವಾರಕ್ಕೆ ಮೂರೋ ನಾಲ್ಕೋ. ಒರೆಸುವುದು ಮಂಗಳವಾರ, ಶುಕ್ರವಾರ, ಅಂದರೆ ವ್ಯಾಪಾರದ ಮರುದಿನ. ಒರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಪುಟದ ಅಂಚಿನಲ್ಲಿ ಕೆಮ್ಮಿನ ರಾತ್ರಿಗಳಿಗೆ ಕೆಂಪು ಚುಕ್ಕೆ. ಜನವರಿಯಲ್ಲಿ ಎರಡು. ಫೆಬ್ರುವರಿಯಲ್ಲಿ ಇಲ್ಲಿಯವರೆಗೆ ಒಂದು.

ಬೇರು ಕುಂಡದ ತೂತಿನಿಂದ ಹೊರಗೆ ಇಣುಕುತ್ತಿದೆಯಂತೆ, ಇದಕ್ಕಿಂತ ಒಂದು ಗೇಣು ದೊಡ್ಡ ಕುಂಡ ಬೇಕಂತೆ. ಒಂದು ಗೇಣು ಬೇಡ, ಎರಡು ಬೆರಳು ದೊಡ್ಡದಿದ್ದರೆ ಸಾಕು, ಹೆಚ್ಚಿನ ಮಣ್ಣು ನೀರು ಹಿಡಿದುಕೊಂಡು ಕೂರುತ್ತದೆ ಎಂದು ಹೇಳಿದ್ದೇನೆ. ಅಪ್ಪ ಕುಂಬಾರ ಓಣಿಗೆ ಹೋಗಿ ಅಳತೆ ಕೊಟ್ಟು ಬಂದಿದ್ದಾರೆ. ಬರುವ ಭಾನುವಾರ ರೈಲಿಗೆ ಹೊರಡುವಾಗ ನಾನು ಮರಳು ಮತ್ತು ನಾಲ್ಕು ಹಂಚಿನ ಚೂರು ತರಬೇಕೆಂದು ಅಪ್ಪಣೆಯಾಗಿದೆ.